ಆಜ್ಞೆ ಸಿಗದ ಭಾನುವಾರ

ಹೆಲ್ಲಸೆ ದ್ವೀಪ
೧೪ ಅಕ್ಟೋಬರ್ ೧೯೨೧

ಕ್ಯಾಪ್ಟನ್ ಲೆಕಿ ಅವರಿಗೆ,

ನಾನು ಸಾರ್ಜೆಂಟ್ ಟೋರ್ಕಿಲ್ ಮಕಾಸ್ಕಿಲ್‌ನ ಹೆಂಡತಿ ರೇಚಲ್. ನೀವು ನಮ್ಮ ಬಟಾಲಿಯನ್ನಿನ ಯುದ್ಧಚರಿತ್ರೆ ಬರೆಯುತ್ತಿದ್ದೀರಿ, ಅದರ ಒಂದು ಅಧ್ಯಾಯ ಇನ್ವರ್‌ನೆಸ್ಸಿನ ಪತ್ರಿಕೆಯಲ್ಲಿ ಮುಂಚಿತವಾಗಿ ಬಂದಿದೆ ಎಂಬುದು ಈ ದ್ವೀಪದಲ್ಲಿ ಎಲ್ಲರಿಗಿಂತ ಕೊನೆಗೆ ತಿಳಿದದ್ದು ನನಗೆ.

ಚಹಾಪುಡಿ ತರಲು ಕರ್ಸ್ಟಿಯ ಅಂಗಡಿಗೆ ಹೋಗಿದ್ದೆ. ಒಳಗೆ ನಾಲ್ಕೈದು ಹೆಂಗಸರಿದ್ದರು. ನಾನು ಕಾಲಿಟ್ಟೊಡನೆ ಮಾತು ನಿಂತಿತು. ಕರ್ಸ್ಟಿ ಪತ್ರಿಕೆಯನ್ನು ಕೈಯಲ್ಲಿ ಹಿಡಿದೇ ಇದ್ದಳು.

"ಬಾ ರೇಚಲ್, ನಿನ್ ಗಂಡನ ಹೆಸರು ಪೇಪರಲ್ಲಿ ಬಂದಿದೆ. ದೊಡ್ಡ ಮನುಷ್ಯ ಆಗ್ಬಿಟ್ಟ."

"ಏನಂತ ಬಂದಿದೆ?"

"ನೀನೇ ಓದು. ನಾನ್ ಓದಿದ್ರೆ ನನ್ ಬಾಯಿ ಕಹಿ ಆಗತ್ತೆ."

ಓದಿದೆ. 'ಸಾರ್ಜೆಂಟ್ ಟಿ. ಮಕಾಸ್ಕಿಲ್‌ರ ಉಸ್ತುವಾರಿಯಲ್ಲಿದ್ದ ತಂಡವು ತನ್ನ ಪಾಲಿನ ಕಂದಕವನ್ನು ಪೂರ್ಣಗೊಳಿಸಿರಲಿಲ್ಲವಾದ್ದರಿಂದ, ಸೋಮವಾರ ಬೆಳಗಿನ ಫಿರಂಗಿ ದಾಳಿಯಲ್ಲಿ ಆ ಭಾಗದ ನಷ್ಟ ಅಧಿಕವಾಯಿತು.'

ಆ ನಷ್ಟ ಯಾರದೆಂದು ನಿಮಗೆ ಗೊತ್ತಿರಬಹುದು. ಈ ದ್ವೀಪದ ಹನ್ನೊಂದು ಗಂಡಸರು. ಕರ್ಸ್ಟಿಯ ಒಬ್ಬನೇ ಮಗ ನೀಲ್ ಅವರಲ್ಲೊಬ್ಬ. ನನ್ನ ಗಂಡನೂ ಒಬ್ಬ. ನಾಲ್ಕು ವರ್ಷ ನಾವು ಹೆಂಗಸರು ಒಬ್ಬರ ಹೆಗಲಿಗೊಬ್ಬರು ಒರಗಿಕೊಂಡು ಬದುಕಿದ್ದೇವೆ. ನಿಮ್ಮ ಒಂದು ವಾಕ್ಯ ಬಂದ ಮೇಲೆ ಅವರು ಹತ್ತು ಮಂದಿ ಒಂದು ಕಡೆ, ನಾನೊಬ್ಬಳು ಒಂದು ಕಡೆ.

ಪುಸ್ತಕ ಅಚ್ಚಾಗುವ ಮೊದಲು ಆ ವಾಕ್ಯವನ್ನು ತೆಗೆಯಬೇಕು. ಇಲ್ಲವೇ ಆ ಕಂದಕ ಏಕೆ ಮುಗಿಯಲಿಲ್ಲವೆಂದು ಬರೆಯಬೇಕು. ಎರಡರಲ್ಲಿ ಒಂದು.

ರೇಚಲ್ ಮಕಾಸ್ಕಿಲ್


ಇನ್ವರ್‌ನೆಸ್
೨ ನವೆಂಬರ್ ೧೯೨೧

ಶ್ರೀಮತಿ ಮಕಾಸ್ಕಿಲ್ ಅವರಿಗೆ,

ತಮ್ಮ ಪತ್ರ ತಲುಪಿತು. ಪತ್ರಿಕೆಯವರು ಅಧ್ಯಾಯದ ಆ ಭಾಗವನ್ನೇ ಆರಿಸಿಕೊಂಡದ್ದು ನನ್ನ ಇಚ್ಛೆಯಿಂದಲ್ಲ. ಅದರಿಂದ ತಮಗೆ ಉಂಟಾದ ನೋವಿಗೆ ವಿಷಾದಿಸುತ್ತೇನೆ.

ಆದರೆ ವಾಕ್ಯವು ತಪ್ಪಲ್ಲ. ನಾನು ವೃತ್ತಿಯಿಂದ ಬಂದರು ಇಂಜಿನಿಯರ್. ಯುದ್ಧಕಾಲದಲ್ಲಿ ಬಟಾಲಿಯನ್ನಿನ ಕಾಮಗಾರಿಗಳು ನನ್ನ ವಶದಲ್ಲಿದ್ದವು. ೧೯೧೭ರ ಏಪ್ರಿಲ್ ಕೊನೆಯ ಸೋಮವಾರ, ಗಾಯಾಳುಗಳನ್ನು ಸಾಗಿಸಿದ ನಂತರ, ಆ ಕಂದಕವನ್ನು ನಾನೇ ಅಳೆದೆ. ಆಳೆತ್ತರಕ್ಕೆ ಅಗೆಯಬೇಕಾಗಿದ್ದದ್ದು ಸೊಂಟದ ಮಟ್ಟಕ್ಕೆ ನಿಂತಿತ್ತು. ಅಕ್ಕಪಕ್ಕದ ಕಂಪನಿಗಳ ಪಾಲು ಪೂರ್ಣವಾಗಿತ್ತು. ಚರಿತ್ರೆಯು ಇದನ್ನು ಹೇಳದೆ ಬಿಟ್ಟರೆ ಆ ದಿನದ ಸಾವುಗಳು ಅರ್ಥವಾಗುವುದಿಲ್ಲ.

ಕಾರಣಗಳ ವಿಚಾರಣೆಯು ಗ್ರಂಥದ ವ್ಯಾಪ್ತಿಯಲ್ಲಿಲ್ಲವೆಂದು ಸಮಿತಿಯ ಅಧ್ಯಕ್ಷರಾದ ಕರ್ನಲ್ ಸ್ಟ್ರಾಹನ್ ಅವರು ಆರಂಭದಲ್ಲಿಯೇ ನಿರ್ಧರಿಸಿದ್ದಾರೆ. ನನ್ನ ಅಧಿಕಾರದ ಮಿತಿಯಲ್ಲಿ ಒಂದು ಕೆಲಸ ಮಾಡಬಲ್ಲೆ: ಸಾರ್ಜೆಂಟರ ಹೆಸರನ್ನು ತೆಗೆದು 'ನಾಲ್ಕನೆಯ ಕಂಪನಿಯ ಒಂದು ತಂಡ' ಎಂದಷ್ಟೇ ಬರೆಯಬಹುದು. ತಾವು ಒಪ್ಪುವಿರೆಂದು ನಂಬಿದ್ದೇನೆ.

ಗಿಲ್ಬರ್ಟ್ ಲೆಕಿ


ಹೆಲ್ಲಸೆ
೨೪ ನವೆಂಬರ್ ೧೯೨೧

ಕ್ಯಾಪ್ಟನ್ ಲೆಕಿ ಅವರಿಗೆ,

ಹೆಸರು ತೆಗೆದರೆ ಏನಾಗುತ್ತದೆ? ನಾಲ್ಕನೆಯ ಕಂಪನಿಯೆಂದರೆ ಹೆಲ್ಲಸೆ, ಆ ತಂಡವೆಂದರೆ ಟೋರ್ಕಿಲ್ ಎಂಬುದು ಇಲ್ಲಿನ ಕುರಿಗಳಿಗೂ ಗೊತ್ತು. ಹೆಸರಿಲ್ಲದೆ ಬಂದರೆ 'ಹೆಸರು ಹೇಳುವುದಕ್ಕೂ ನಾಚಿಕೆಯಾಯಿತೇನೋ' ಎನ್ನುತ್ತಾರೆ.

ನಿಮ್ಮ ಅಳತೆಯನ್ನು ನಾನು ಅಲ್ಲಗಳೆಯುವುದಿಲ್ಲ. ನೀವೂ ನನ್ನ ಮಾತನ್ನು ಅಲ್ಲಗಳೆಯಬೇಡಿ. ಒಲೆಗೆ ಹಾಕುವ ಜೌಗುಮಣ್ಣನ್ನು ಈ ದ್ವೀಪದಲ್ಲಿ ಎಲ್ಲರೂ ಕಡಿಯುತ್ತಾರೆ. ಟೋರ್ಕಿಲ್ ತನ್ನ ಮನೆಯದನ್ನು ಮುಗಿಸಿ, ಗಂಡು ದಿಕ್ಕಿಲ್ಲದ ಮನೆಗಳದ್ದನ್ನೂ ಕಡಿದುಕೊಟ್ಟು ಬರುತ್ತಿದ್ದ. ಅಂಥವನು ಸೊಂಟದ ಮಟ್ಟಕ್ಕೆ ಅಗೆದು ಗುದ್ದಲಿ ಕೆಳಗಿಟ್ಟನೆಂದರೆ ಏನೋ ನಡೆದಿದೆ.

ಮೊನ್ನೆ ಬಾವಿಯ ಹತ್ತಿರ ನನಗೆ ಕೇಳಿಸುವಂತೆ ಒಬ್ಬಳು ಅಂದಳು: "ಸಾರ್ಜೆಂಟ್ ಪಟ್ಟಿ ಸಿಕ್ಕಿದ ಮೇಲೆ ಗುದ್ದಲಿ ಭಾರ ಆಗಿರ್ಬೇಕು ಬಿಡು." ಇನ್ನೊಬ್ಬಳು ನಕ್ಕಳು. ನಗದೆ ನಿಂತವರು ಅವರಿಗಿಂತ ಹೆಚ್ಚು ನೋಯಿಸಿದರು.

ನೇರವಾಗಿ ಕೇಳುತ್ತೇನೆ. ಕುಡಿದಿದ್ದನೇ? ಹೆದರಿದ್ದನೇ? ಕಾಯಿಲೆಯಾಗಿತ್ತೇ? ಯಾವುದಾದರೂ ಸರಿ, ಹೇಳಿ. ಗೊತ್ತಿಲ್ಲದೆ ತಲೆತಗ್ಗಿಸಿಕೊಂಡು ನಡೆಯುವುದು ನನ್ನಿಂದ ಆಗದು.

ರೇಚಲ್ ಮಕಾಸ್ಕಿಲ್


ಇನ್ವರ್‌ನೆಸ್
೧೨ ಜನವರಿ ೧೯೨೨

ಶ್ರೀಮತಿ ಮಕಾಸ್ಕಿಲ್ ಅವರಿಗೆ,

ಉತ್ತರ ತಡವಾದುದಕ್ಕೆ ಕ್ಷಮೆಯಿರಲಿ. ವಿಕ್ ಬಂದರಿನ ಅಲೆತಡೆಗೋಡೆ ಚಂಡಮಾರುತಕ್ಕೆ ಸಿಕ್ಕಿ ಹೊಸ ವರ್ಷದ ವಾರವೆಲ್ಲ ಅಲ್ಲಿಯೇ ಕಳೆಯಿತು.

ತಾವು ಕೇಳಿದ ಮೂರೂ ಅಲ್ಲ. ಸಾರ್ಜೆಂಟ್ ಮಕಾಸ್ಕಿಲ್ ಕುಡಿದಿರಲಿಲ್ಲ, ಕಾಯಿಲೆ ಬಿದ್ದಿರಲಿಲ್ಲ. ಹೆದರಿಕೆಯ ಮಾತಂತೂ ಅವರ ವಿಷಯದಲ್ಲಿ ಹುಟ್ಟುವುದೇ ಇಲ್ಲ. ಆ ಭಾಗದ ನೆಲ ಸುಣ್ಣಕಲ್ಲಿನದು, ಬಹಳ ಗಡಸಾಗಿತ್ತು. ವಾಕ್ಯವನ್ನು 'ನೆಲದ ಗಡಸುತನದ ಕಾರಣ ಕಂದಕವನ್ನು ಪೂರ್ಣಗೊಳಿಸಲಾಗಿರಲಿಲ್ಲ' ಎಂದು ತಿದ್ದಿ ಸಮಿತಿಯ ಒಪ್ಪಿಗೆ ಪಡೆದಿದ್ದೇನೆ. ಇದರಿಂದ ಯಾರಿಗೂ ಕಳಂಕವಿಲ್ಲ.

ಈ ಪ್ರಕರಣ ಇಲ್ಲಿಗೆ ಮುಗಿಯಿತೆಂದು ಭಾವಿಸುತ್ತೇನೆ.

ಗಿಲ್ಬರ್ಟ್ ಲೆಕಿ


ಹೆಲ್ಲಸೆ
೯ ಮಾರ್ಚ್ ೧೯೨೨

ಕ್ಯಾಪ್ಟನ್ ಲೆಕಿ ಅವರಿಗೆ,

ಪ್ರಕರಣ ಮುಗಿದಿಲ್ಲ.

ಆ ತಂಡದಲ್ಲಿ ಬದುಕುಳಿದವರ ಪೈಕಿ ಇಬ್ಬರು ಕೆನಡಾಕ್ಕೆ ಹೋದರು. ಊರಿಗೆ ಮರಳಿದವನು ಫಿನ್ಲೆ ಒಬ್ಬನೇ, ಎಡಗೈ ಅಲ್ಲಿಯೇ ಬಿಟ್ಟು. ಟೋರ್ಕಿಲ್‌ನ ಚಿಕ್ಕಪ್ಪನ ಮಗ. ಆ ದಿನದ ಸುದ್ದಿ ಎತ್ತಿದರೆ ಎದ್ದು ಹೋಗಿಬಿಡುತ್ತಾನೆಂದು ಅವನನ್ನು ಯಾರೂ ಕೇಳುವುದಿಲ್ಲ. ನಿಮ್ಮ ಪತ್ರ ಹಿಡಿದುಕೊಂಡು ನಾನು ಅವನ ಕುರಿದೊಡ್ಡಿಗೇ ಹೋದೆ.

"ನೆಲ ಗಟ್ಟಿ ಇತ್ತಂತಲ್ಲೋ ಫಿನ್ಲೆ. ಕ್ಯಾಪ್ಟನ್ ಬರ್ದಿದಾರೆ."

"ಎಲ್ಲಿಯ ಗಟ್ಟಿ ಅತ್ತಿಗೆ? ಗಿಣ್ಣು ಕುಯ್ದಂಗೆ ಬರ್ತಿತ್ತು. ಪಕ್ಕದ ಕಂಪನೀಲಿ ಇದ್ದೋರೆಲ್ಲ ಪಟ್ಟಣದ ಗುಮಾಸ್ತರು, ಹುಟ್ಟಿದಾಗಿಂದ ಗುದ್ದಲಿ ಮುಟ್ಟಿದೋರಲ್ಲ. ಅವ್ರೇ ತಲೆ ಮುಚ್ಚೋಷ್ಟು ಅಗೆದಿದ್ರು."

"ಹಂಗಾದ್ರೆ ನೀವು?"

ಅವನು ಕುರಿಯ ಗೊರಸಿನ ಮಣ್ಣು ಕೆರೆದು ತೆಗೆದ. ಆಮೇಲೆ ಅಂದ: "ಅವತ್ತು ಭಾನುವಾರ ಅತ್ತಿಗೆ."

ಅಷ್ಟೇ. ನನಗೆ ಎಲ್ಲ ತಿಳಿಯಿತು. ನೀವು ಪಟ್ಟಣದವರು, ನಿಮಗೆ ಇದು ತಿಳಿಯುವುದು ಕಷ್ಟ. ನಾವಿಲ್ಲಿ ಶನಿವಾರ ಸಂಜೆಗೇ ಎರಡು ದಿನದ ನೀರು ಸೇದಿಟ್ಟು, ಆಲೂಗಡ್ಡೆಯ ಸಿಪ್ಪೆ ತೆಗೆದಿಟ್ಟು, ಹುಂಜವೂ ಸುಮ್ಮನಿರಲೆಂದು ಬುಟ್ಟಿಯಡಿ ಮುಚ್ಚಿಡುವ ಜನ. ಭಾನುವಾರ ನಮಗೆ ಸಬ್ಬತ್, ದೇವರು ವಿಶ್ರಾಂತಿಗೆಂದು ಇಟ್ಟ ದಿನ; ಅಂದು ಯಾರೂ ಗುದ್ದಲಿ ಮುಟ್ಟುವುದಿಲ್ಲ. ಅವರು ಸೋಮಾರಿಗಳಾಗಿರಲಿಲ್ಲ. ದೇವರ ದಿನವನ್ನು ಕಾಪಾಡಿ ಸತ್ತರು.

ನಾನಿದನ್ನು ನಮ್ಮ ಸಭಾಪಾಲಕ ನಿಕಲ್ಸನ್ ಪಾದ್ರಿಗಳಿಗೆ ಹೇಳಿದೆ. ಮುಂದಿನ ಭಾನುವಾರ ಅವರು ಚರ್ಚಿನಲ್ಲಿ ಅದರ ಮೇಲೆಯೇ ಪ್ರಸಂಗ ಮಾಡಿದರು. ಹನ್ನೊಂದು ಮಂದಿ ಹುತಾತ್ಮರು ಎಂದರು. ಹೊರಗೆ ಬಂದಾಗ ಕರ್ಸ್ಟಿ ನನ್ನ ಕೈ ಹಿಡಿದುಕೊಂಡಳು. "ನನ್ ನೀಲ್ ಸುಮ್ಸುಮ್ನೆ ಸಾಯ್ಲಿಲ್ಲ ಅಂತಾಯ್ತು ರೇಚಲ್," ಎಂದು ಅತ್ತಳು.

ನಿಮ್ಮ ಪುಸ್ತಕದಲ್ಲಿ ಇದನ್ನೇ ಬರೆಯಿರಿ. ಟೋರ್ಕಿಲ್ ಮಕಾಸ್ಕಿಲ್ ಮತ್ತು ಅವನ ಸಂಗಡಿಗರು ಸಬ್ಬತ್ತನ್ನು ಪಾಲಿಸಿದರು ಎಂದು. ನಗುವವರು ನಗಲಿ.

ಒಂದೇ ಒಂದು ಅರ್ಥವಾಗಲಿಲ್ಲ. ಪ್ರಸಂಗದ ನಡುವೆ ಫಿನ್ಲೆ ಎದ್ದು ಹೊರಗೆ ಹೋದ. ಅಂದಿನಿಂದ ಚರ್ಚಿಗೂ ಬಂದಿಲ್ಲ, ನಮ್ಮ ಮನೆಗೂ ಬಂದಿಲ್ಲ.

ರೇಚಲ್ ಮಕಾಸ್ಕಿಲ್


ಇನ್ವರ್‌ನೆಸ್
೩ ಏಪ್ರಿಲ್ ೧೯೨೨

ಶ್ರೀಮತಿ ಮಕಾಸ್ಕಿಲ್ ಅವರಿಗೆ,

ತಾವು ಕೇಳಿದ ವಾಕ್ಯವನ್ನು ನಾನು ಬರೆಯಲಾರೆ. ಅದು ಸತ್ಯವಲ್ಲ. ನೆಲ ಗಡಸಾಗಿತ್ತೆಂದು ನಾನು ಬರೆದದ್ದೂ ಸತ್ಯವಲ್ಲ. ನೆಲದ ಗುಣದ ವಿಷಯದಲ್ಲಿ ನಾನು ಸುಳ್ಳು ಹೇಳಿದ್ದು ಅದೊಂದೇ ಸಲ. ಹಾಗೆ ಮಾಡಿದ್ದು ತಮ್ಮ ಹಿತಕ್ಕೆಂದು ಭಾವಿಸಿದ್ದೆ. ಅದರಿಂದ ಹುಟ್ಟಿದ ಇನ್ನೊಂದು ತಪ್ಪು ತಿಳಿವಳಿಕೆಯ ಮೇಲೆ ಒಂದು ಪ್ರಸಂಗವೇ ಕಟ್ಟಲ್ಪಟ್ಟಿರುವುದರಿಂದ, ನಡೆದದ್ದನ್ನು ನಡೆದಂತೆ ತಿಳಿಸುವುದು ಈಗ ಅಗತ್ಯವಾಗಿದೆ.

ತಮ್ಮ ದ್ವೀಪದ ಕಂಪನಿಯು ಅದಕ್ಕೆ ಮೊದಲು ಎರಡು ವರ್ಷ ಎಷ್ಟೋ ಭಾನುವಾರಗಳಲ್ಲಿ ಅಗೆದಿತ್ತು. ನಮ್ಮ ಹಿಂದಿನ ಕರ್ನಲ್ ದೇವರ ಗೊಡವೆಗೆ ಹೋದವರಲ್ಲ. ಆಜ್ಞೆ ಕೊಡುತ್ತಿದ್ದರು, ಬಾಯಿಗೆ ಬಂದಂತೆ ಬೈಯುತ್ತಲೂ ಇದ್ದರು. ತಮ್ಮವರು ಅಗೆಯುತ್ತಿದ್ದರು. ಆ ವಸಂತದಲ್ಲಿ ಕರ್ನಲ್ ಸ್ಟ್ರಾಹನ್ ಬಂದರು. ಅವರು ಸ್ವಂತ ಊರಿನ ಚರ್ಚಿನಲ್ಲಿ ಸಭಾಹಿರಿಯರು, ಸಬ್ಬತ್ತಿನ ಅರ್ಥ ಬಲ್ಲವರು. ಆ ಭಾನುವಾರ ಬೆಳಗ್ಗೆ ಪ್ರಾರ್ಥನೆಯಾದ ಮೇಲೆ, ಕಂದಕಗಳ ಕೆಲಸ ಇನ್ನೂ ಇದೆ, ಆದರೆ ಈ ದಿನ ಯಾರಿಗೂ ಆಜ್ಞೆ ಕೊಡುವುದಿಲ್ಲ, ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದೇನೆ ಎಂದು ಹೇಳಿ ಹೋದರು. ಪಟ್ಟಣದ ಕಂಪನಿಯವರು ಸಿಳ್ಳೆ ಹಾಕುತ್ತ ಗುದ್ದಲಿ ಎತ್ತಿಕೊಂಡರು. ತಮ್ಮವರು ಕುಳಿತುಬಿಟ್ಟರು.

ಸಾರ್ಜೆಂಟ್ ಮಕಾಸ್ಕಿಲ್ ನನ್ನ ಬಳಿಗೆ ಬಂದರು. ಆಗ ನಡೆದ ಮಾತು ನನಗೆ ಅಕ್ಷರಶಃ ನೆನಪಿದೆ.

"ಸಾರ್, ಒಂದು ಆಜ್ಞೆ ಕೊಡಿಸಿ."

"ನಿಮಗೆ ಬಿಟ್ಟಿದಾರಲ್ಲ, ಸಾರ್ಜೆಂಟ್."

"ಅದೇ ತೊಂದರೆ ಆಗಿರೋದು. ಆಜ್ಞೆ ಅಂದ್ರೆ ಪಾಪ ಕೊಟ್ಟವರ ತಲೆಗೆ, ನಾವು ಬೈಕೊಂಡು ಅಗೀತೀವಿ. ಮನಸ್ಸಾಕ್ಷಿ ಅಂದ್ಬಿಟ್ರೆ ನನ್ ಹುಡುಗ್ರು ಗುದ್ದಲಿ ಮುಟ್ಟಲ್ಲ. ಮುಟ್ಟೋಕೆ ಆಗಲ್ಲ. ಒಬ್ಬರ ಮುಖ ಒಬ್ಬರು ನೋಡ್ಕೊಂಡು ಊರಿಗೆ ಹೋಗ್ಬೇಕಲ್ಲ ಸಾರ್."

ನಾನು ಕರ್ನಲ್ ಬಳಿಗೆ ಹೋದೆ. ಅವರು ಸಮಾಧಾನದಿಂದ ಕೇಳಿದರು. "ಲೆಕಿ, ಅವರು ದೇವರಿಗೆ ಹೆದರೋ ಜನ. ಹಿಂದಿನವರು ಆ ಹುಡುಗ್ರನ್ನ ದನದ ತರ ದುಡಿಸಿದ್ರು. ನಾನು ಹಾಗ್ಮಾಡಲ್ಲ. ನೀವೂ ಆಜ್ಞೆ ಕೊಡಕೂಡದು. ಫಿರಂಗಿ ಸದ್ದಿಲ್ಲ, ನಾಳೆ ಮುಗಿಸಿದ್ರಾಯ್ತು," ಎಂದರು. ಸಾರ್ಜೆಂಟರಿಗೆ ತಿಳಿಸಿದೆ. ಅವರು ತಾವೇ ಹೋಗಿ ಇನ್ನೊಮ್ಮೆ ಕೇಳಿದರು. ಉತ್ತರ ಬದಲಾಗಲಿಲ್ಲ.

ಮಧ್ಯಾಹ್ನ ಮರದ ಹಲಗೆಗಳನ್ನು ತರಲು ನಾನು ಹೊರಟಾಗ ಕಂಡದ್ದು ಇಷ್ಟು: ತಮ್ಮ ದ್ವೀಪದವರು ದಿಬ್ಬದ ಮೇಲೆ ಕೀರ್ತನೆ ಹಾಡುತ್ತ, ಕಂದಕಕ್ಕೆ ಬೆನ್ನು ತಿರುಗಿಸಿಕೊಂಡು ಕುಳಿತಿದ್ದರು. ಕೆಳಗೆ ಸಾರ್ಜೆಂಟ್ ಮಕಾಸ್ಕಿಲ್ ಕೋಟು ಬಿಚ್ಚಿಟ್ಟು ಒಬ್ಬರೇ ಅಗೆಯುತ್ತಿದ್ದರು. ಅವರ ಪಾಪವನ್ನು ಕಣ್ಣಾರೆ ಕಂಡೆವೆಂದಾಗಬಾರದೆಂದು ಇವರು ಬೆನ್ನು ತಿರುಗಿಸಿದ್ದರು. ಅದು ಸಿಟ್ಟಿನಿಂದಲ್ಲ, ಮರ್ಯಾದೆಯಿಂದ.

ಸೋಮವಾರ ನಾನು ಅಳೆದಾಗ ಆ ಭಾಗದ ಒಂದು ತುದಿಯಲ್ಲಿ ಚಿಕ್ಕದೊಂದು ತುಂಡು ಮಾತ್ರ ಆಳೆತ್ತರವಿತ್ತು. ಸಾರ್ಜೆಂಟರು ಸತ್ತದ್ದು ಅಲ್ಲಿ ಅಲ್ಲ. ಆಳವಿಲ್ಲದ ಕಡೆಯಲ್ಲಿ, ಉಳಿದವರ ಜೊತೆ.

ತಮ್ಮ ಊರಿನಲ್ಲಿ ಸಬ್ಬತ್ ಮುರಿದವನ ಹೆಂಡತಿಯೆನ್ನಿಸಿಕೊಳ್ಳುವುದು ಎಂಥದೆಂದು ನಾನು ಬಲ್ಲೆನೆಂದುಕೊಂಡಿದ್ದೆ. ಆದ್ದರಿಂದ ಸುಮ್ಮನಿದ್ದೆ. ಈಗ ತಮ್ಮ ಸಭಾಪಾಲಕರ ಹುತಾತ್ಮರ ಸಾಲಿನಲ್ಲಿ ಅವರ ಹೆಸರೂ ಇದೆ. ಅದನ್ನು ಹಾಗೆಯೇ ಬಿಡುವುದೋ ಬೇಡವೋ ತಾವೇ ನಿರ್ಧರಿಸಬೇಕು. ತಾವು ಸುಮ್ಮನಿರೆಂದರೆ ಗಡಸು ನೆಲದ ವಾಕ್ಯವೇ ಅಚ್ಚಾಗುತ್ತದೆ.

ಗಿಲ್ಬರ್ಟ್ ಲೆಕಿ


ಹೆಲ್ಲಸೆ
೨೧ ಜೂನ್ ೧೯೨೨

ಕ್ಯಾಪ್ಟನ್ ಲೆಕಿ ಅವರಿಗೆ,

ನಿಮ್ಮ ಪತ್ರ ಬಂದು ಎರಡು ತಿಂಗಳ ಮೇಲಾಯಿತು. ದೋಣಿ ಪ್ರತಿ ವಾರ ಬಂದಿದೆ, ನಾನೇ ಬರೆದಿಲ್ಲ.

ಮೊದಲು ನಿಮ್ಮ ಮೇಲೆ ಸಿಟ್ಟು ಬಂತು. ಸಬ್ಬತ್ ಮುರಿದವನ ಹೆಂಡತಿಯಾಗುವುದು ನನಗೆ ಅವಮಾನವೆಂದು ನೀವು ಹೇಗೆ ಎಣಿಸಿದಿರಿ? ನನ್ನನ್ನು ಕೇಳಿದಿರಾ? ನಿಮ್ಮ ಕರ್ನಲ್ ನಮ್ಮ ಗಂಡಸರ ಮನಸ್ಸನ್ನು ತಾನೇ ಬಲ್ಲೆನೆಂದುಕೊಂಡರು. ನೀವು ನನ್ನ ಮನಸ್ಸನ್ನು. ನಿಮ್ಮಿಬ್ಬರ ಮರ್ಯಾದೆಯೂ ಒಂದೇ ಅಂಗಡಿಯ ಸರಕು.

ಆಮೇಲೆ ಫಿನ್ಲೆಯ ಹತ್ತಿರ ಹೋದೆ. ಅವನಿಗೆ ನಿಮ್ಮ ಪತ್ರವನ್ನು ಓದಿ ಹೇಳಿದೆ.

"ಆ ಆಳದ ತುಂಡಲ್ಲಿ ಇದ್ದೋನು ಯಾರೋ?" ಎಂದೆ.

"ಕೇಳ್ಬೇಡ ಅತ್ತಿಗೆ."

"ಯಾರು?"

"ನಾನು. ಬೆಳಗಿನ ಜಾವ ಅಣ್ಣ ನನ್ ಕುತ್ತಿಗೆಪಟ್ಟಿ ಹಿಡ್ಕೊಂಡು ಅಲ್ಲಿಗೆ ತಳ್ಳಿದ. 'ಹೋಗಲೇ ಒಂಟೆ, ನಿನ್ ತಲೆ ಬರ್ಲಿನ್ನಿಗೂ ಕಾಣತ್ತೆ' ಅಂದ. ಎಲ್ಲರೂ ನಕ್ರು. ನಾನೂ ನಕ್ಕೆ."

"ಹಿಂದಿನ ದಿನ ನೀನೂ ಬೆನ್ನು ತಿರುಗಿಸ್ಕೊಂಡು ಕೂತಿದ್ಯಾ?"

"ಎಲ್ಲರಿಗಿಂತ ಜೋರಾಗಿ ಹಾಡಿದ್ದು ನಾನೇ ಅತ್ತಿಗೆ. ಗುದ್ದಲಿ ಸದ್ದು ಕಿವಿಗೆ ಬೀಳಬಾರ್ದು ಅಂತ."

ನಾನು ಅವನನ್ನು ಬಯ್ಯಬೇಕೆಂದೇ ಹೋಗಿದ್ದೆ. ಬಯ್ಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಅಷ್ಟು ಒಳ್ಳೆಯವಳಲ್ಲ ನಾನು.

ಈಗ ನನ್ನ ನಿರ್ಧಾರ. ಇಲ್ಲಿ ಎಲ್ಲರೂ ನನ್ನನ್ನು ಮತ್ತೆ ಹತ್ತಿರ ಸೇರಿಸಿಕೊಂಡಿದ್ದಾರೆ. ಹಾಲು ಕೊಡುತ್ತಾರೆ, ಉಣ್ಣೆ ನೂಲಲು ಕರೆಯುತ್ತಾರೆ. ಸುಮ್ಮನಿದ್ದರೆ ಹೀಗೆಯೇ ಸಾಯುವವರೆಗೂ ಇರಬಹುದು, ಹುತಾತ್ಮನ ಹೆಂಡತಿಯಾಗಿ. ಆದರೆ ಆ ಹುತಾತ್ಮ ನನ್ನ ಗಂಡನಲ್ಲ. ನನ್ನ ಗಂಡ ಆಜ್ಞೆಗಾಗಿ ಅಂಗಲಾಚಿದವನು. ಸಿಗದಾಗ ತಾನೊಬ್ಬನೇ ಪಾಪ ಹೊತ್ತು ಅಗೆದವನು.

'ಸಾರ್ಜೆಂಟ್ ಟೋರ್ಕಿಲ್ ಮಕಾಸ್ಕಿಲ್ ಕಂದಕವನ್ನು ಮುಗಿಸಲು ಆಜ್ಞೆ ಬೇಡಿದರು. ಆಜ್ಞೆ ಕೊಡಲಿಲ್ಲ. ಅವರು ಒಬ್ಬರೇ ಅಗೆದರು.' ಇಷ್ಟನ್ನು ಬರೆಯಿರಿ. ಅಲಂಕಾರ ಏನೂ ಬೇಡ.

ರೇಚಲ್ ಮಕಾಸ್ಕಿಲ್


ಇನ್ವರ್‌ನೆಸ್
೧೮ ಸೆಪ್ಟೆಂಬರ್ ೧೯೨೨

ಶ್ರೀಮತಿ ಮಕಾಸ್ಕಿಲ್ ಅವರಿಗೆ,

ತಮ್ಮ ವಾಕ್ಯಗಳನ್ನು ಒಂದಕ್ಷರವನ್ನೂ ಬದಲಿಸದೆ ಸಮಿತಿಯ ಮುಂದಿಟ್ಟೆ. ಅವು ನನ್ನ ಅಧ್ಯಾಯದ ಯಾವ ವಾಕ್ಯಕ್ಕಿಂತಲೂ ಚೆನ್ನಾಗಿದ್ದವು. ಅವು ಅಚ್ಚಾಗುವುದಿಲ್ಲ.

ನಾನು ತಡಮಾಡಿದ್ದೆ. ಬೇಸಿಗೆಯಲ್ಲಿಯೇ ಸಭಾಪಾಲಕ ನಿಕಲ್ಸನ್ ಅವರು ನೇರವಾಗಿ ಕರ್ನಲ್‌ಗೆ ಪತ್ರ ಬರೆದಿದ್ದರು. ಹನ್ನೊಂದು ಮಂದಿ ಸಬ್ಬತ್ತಿಗಾಗಿ ಪ್ರಾಣ ಕೊಟ್ಟರೆಂಬುದನ್ನು ಗ್ರಂಥದಲ್ಲಿ ಸೇರಿಸಬೇಕೆಂದೂ, ದ್ವೀಪದಲ್ಲಿ ದೋಣಿ ನಿಲ್ಲುವ ದಕ್ಕೆಯ ಬಳಿ ನಿಲ್ಲಿಸುವ ಸ್ಮಾರಕಶಿಲೆಯನ್ನು ಕರ್ನಲ್ ಅವರೇ ಬಂದು ಅನಾವರಣ ಮಾಡಬೇಕೆಂದೂ ಕೋರಿದ್ದರು. ಸಮಿತಿ ಸಂತೋಷದಿಂದ ಒಪ್ಪಿತು. ಗಡಸು ನೆಲದ ವಾಕ್ಯಕ್ಕಿಂತ ಅದು ಓದಲು ಇಂಪಾಗಿದೆ ಎಂದು ಸದಸ್ಯರೊಬ್ಬರು ಅಭಿಪ್ರಾಯಪಟ್ಟರು.

ಸಭೆ ಮುಗಿದ ನಂತರ ಕರ್ನಲ್ ನನ್ನನ್ನು ಪಕ್ಕಕ್ಕೆ ಕರೆದರು. ಅವರಿಗೆ ವಯಸ್ಸಾಗಿದೆ, ಆ ಭಾನುವಾರದ ವಿಷಯ ನಾವಿಬ್ಬರೂ ಎಂದೂ ಎತ್ತಿದವರಲ್ಲ.

"ನೀವು ಹೇಳೋದು ನಿಜ ಲೆಕಿ. ಮಕಾಸ್ಕಿಲ್ ಬಂದಿದ್ದ, ಕೇಳಿದ್ದ. ನಾನೇನು ಇಲ್ಲ ಅಂತೀನಾ?"

"ಹಾಗಿದ್ದರೆ ಬರೆಯೋಣ."

"ಆ ದ್ವೀಪದಲ್ಲಿ ಹತ್ತು ಮನೆಗೆ ನೆಮ್ಮದಿ ಸಿಕ್ಕಿದೆ. ಒಬ್ಬಳಿಗೋಸ್ಕರ ಅದನ್ನ ಕಿತ್ಕೊಳ್ಳೋದಾ? ನೀವಾಗಿದ್ರೆ ಕಿತ್ಕೊಳ್ತಿದ್ರಾ?"

ನಾನು ಕಾಗದಗಳನ್ನು ಎತ್ತಿಕೊಂಡು ಹೊರಟುಬಂದೆ.

ಮರುದಿನ ಸಂಪಾದಕತ್ವಕ್ಕೆ ರಾಜೀನಾಮೆ ಕೊಟ್ಟು, ಮುಖಪುಟದಿಂದ ನನ್ನ ಹೆಸರನ್ನು ತೆಗೆಯಬೇಕೆಂದು ಕೇಳಿಕೊಂಡೆ. ತೆಗೆದಿದ್ದಾರೆ. ಇದರಿಂದ ತಮಗೆ ಯಾವ ಪ್ರಯೋಜನವೂ ಇಲ್ಲವೆಂದು ಬಲ್ಲೆ. ಹೆಸರು ತೆಗೆಯುವುದನ್ನು ಒಂದು ಪರಿಹಾರವೆಂದು ಹಿಂದೊಮ್ಮೆ ತಮಗೂ ಸೂಚಿಸಿದವನು ನಾನು; ಅದು ಎಷ್ಟು ಹಗುರವಾದದ್ದೆಂದು ಈಗ ತಿಳಿಯಿತು.

ಅನಾವರಣ ನವೆಂಬರ್ ಎರಡನೆಯ ಬುಧವಾರ. ತಾವು ಆ ದಿನ ಮನೆಯಲ್ಲಿಯೇ ಉಳಿದರೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

ತಮ್ಮ ವಿಶ್ವಾಸಿ,
ಗಿಲ್ಬರ್ಟ್ ಲೆಕಿ


ಹೆಲ್ಲಸೆ
೨೦ ನವೆಂಬರ್ ೧೯೨೨

ಲೆಕಿ ಅವರಿಗೆ,

ನಾನು ಮನೆಯಲ್ಲಿ ಉಳಿಯಲಿಲ್ಲ.

ಗಾಳಿ ಜೋರಾಗಿತ್ತು. ಶಿಲೆಗೆ ಹೊದಿಸಿದ್ದ ಬಾವುಟ ನಿಲ್ಲದೆ ಪಟಪಟ ಬಡಿಯುತ್ತಿತ್ತು, ಅದರ ಮೂಲೆಗಳನ್ನು ಇಬ್ಬರು ಹಿಡಿದು ನಿಂತಿದ್ದರು. ಬ್ಯಾಗ್‌ಪೈಪ್ ವಾದ್ಯಗಳು ನುಡಿದವು. ಪಾದ್ರಿಗಳು ನಿಮ್ಮ ಪುಸ್ತಕ ತೆರೆದು ಆ ಭಾಗ ಓದಿದರು. ನಿಮ್ಮ ಪುಸ್ತಕವಲ್ಲ, ಅವರ ಪುಸ್ತಕ. 'ಸಾರ್ಜೆಂಟ್ ಮಕಾಸ್ಕಿಲ್‌ರ ನೇತೃತ್ವದಲ್ಲಿ ದೇವರ ದಿನವನ್ನು ಅಪವಿತ್ರಗೊಳ್ಳಲು ಬಿಡದೆ' ಎಂದಿತ್ತು. ನೇತೃತ್ವವಂತೆ. ಅಲ್ಲಿಯವರೆಗೆ ನಾನು ಬಾಯಿ ತೆರೆಯುವೆನೆಂದು ನನಗೇ ಖಾತ್ರಿಯಿರಲಿಲ್ಲ.

ಕರ್ನಲ್ ಒಬ್ಬೊಬ್ಬ ಹೆಂಗಸಿನ ಮುಂದೆಯೂ ನಿಂತು ಕೈಕುಲುಕುತ್ತ ಬಂದರು. ನನ್ನ ಮುಂದೆ ಬಂದಾಗ ನಾನು ಕೈ ಕೊಡಲಿಲ್ಲ.

"ನನ್ ಗಂಡ ನಿಮ್ ಹತ್ರ ಬಂದು ಏನು ಕೇಳಿದ್ರು ಸ್ವಾಮಿ?" ಎಂದೆ. ಮೆಲ್ಲಗೆ ಕೇಳಲಿಲ್ಲ.

ಅವರು ಟೋಪಿ ತೆಗೆದರು. ಇಲ್ಲವೆನ್ನಬಹುದಾಗಿತ್ತು. ಗಾಳಿಯಲ್ಲಿ ಕೇಳಿಸಲಿಲ್ಲವೆನ್ನಬಹುದಾಗಿತ್ತು. ಸಭಾಹಿರಿಯರು ನೋಡಿ, ಎದುರಿಗೆ ನಿಂತು ಕೇಳಿದರೆ ಸುಳ್ಳಾಡಲು ಬರುವುದಿಲ್ಲ.

"ಆಜ್ಞೆ ಕೇಳಿದ, ತಾಯಿ. ಅಗೆಯೋಕೆ ಆಜ್ಞೆ ಕೇಳಿದ."

"ಎಷ್ಟು ಸಲ?"

"ನಿಮ್ಮ ಲೆಕಿ ಬಂದಿದ್ದು ಸೇರಿಸಿದ್ರೆ, ಎರಡು ಸಲ."

"ನೀವೇನು ಕೊಟ್ರಿ?"

"ಗೌರವ ಕೊಟ್ಟೆ," ಎಂದರು. "ಗೌರವ ಕೊಟ್ಟೆ ಅಂತ್ಲೇ ತಿಳ್ಕೊಂಡಿದ್ದೆ."

ಟೋಪಿಯನ್ನು ಮತ್ತೆ ಹಾಕಿಕೊಳ್ಳುವುದನ್ನೂ ಮರೆತು ನಿಂತಿದ್ದರು. ಅದನ್ನು ನೋಡಿ ನನಗೆ ಸಂತೋಷವಾಯಿತು. ನೀವು ಬೇರೆ ಏನಾದರೂ ನಿರೀಕ್ಷಿಸಿದ್ದರೆ ಕ್ಷಮಿಸಿ.

ಪಾದ್ರಿಗಳು ಮುಂದೆ ಬಂದು, "ರೇಚಲ್, ಇದು ಜಾಗ ಅಲ್ಲಮ್ಮ," ಎಂದರು. ನಾನು ಅವರ ಕಡೆ ತಿರುಗದೆ ಎಲ್ಲರಿಗೂ ಹೇಳಿದೆ. ಟೋರ್ಕಿಲ್ ಒಬ್ಬನೇ ಅಗೆದನೆಂದೆ. ಉಳಿದವರು ಬೆನ್ನು ತಿರುಗಿಸಿ ಹಾಡುತ್ತಿದ್ದರೆಂದೆ. ಅಗೆದ ತುಂಡಿನಲ್ಲಿ ಯಾರು ಉಳಿದರೆಂದು ಹೇಳಲಿಲ್ಲ; ಫಿನ್ಲೆ ತಾನೇ ಗುಂಪಿನಿಂದ ಈಚೆ ಬಂದು ನನ್ನ ಪಕ್ಕದಲ್ಲಿ ನಿಂತ. ಅಷ್ಟೇ ಸಾಕಾಯಿತು.

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಕರ್ಸ್ಟಿ ಬಂದು ನನ್ನ ಮುಂದೆ ನಿಂತಳು.

"ಅಗೆದಿದ್ರೆ ನನ್ ನೀಲ್ ಬದುಕ್ತಿದ್ನಾ?"

ನಾನು ಅವಳ ಕೈ ಹಿಡಿಯಲು ಹೋದೆ.

"ಇಷ್ಟೆಲ್ಲ ಹೇಳ್ದೋಳು ಇದನ್ನೂ ಹೇಳು ರೇಚಲ್. ಬದುಕ್ತಿದ್ನಾ?"

"ಬದುಕ್ತಿದ್ದ," ಎಂದೆ.

"ನನ್ ಮಗ ದೇವರಿಗೋಸ್ಕರ ಸತ್ತಿದ್ದ ಇವತ್ತು ಬೆಳಗ್ಗೆವರೆಗೂ. ಈಗ ಯಾತಕ್ಕೆ ಸತ್ತ ಅಂತೀಯ?"

ಅವಳು ಹೊರಟುಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಬಾವುಟ ಹಿಡಿದಿದ್ದ ಇಬ್ಬರೂ ಅದನ್ನು ಬಿಟ್ಟು ಹೋದರು, ಗಾಳಿಯೇ ಅನಾವರಣ ಮಾಡಿತು. ಹೆಸರುಗಳನ್ನು ಚೆನ್ನಾಗಿಯೇ ಕೆತ್ತಿದ್ದಾರೆ.

ಭಾನುವಾರ ನಮ್ಮ ಚರ್ಚಿನ ಸಭಾಹಿರಿಯರು ಬಂದು, ಇನ್ನು ಮುಂದೆ ಎಲ್ಲರೊಡನೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ ನಾನು ಬರುವ ಅಗತ್ಯವಿಲ್ಲವೆಂದು ತಿಳಿಸಿದರು. ಸಬ್ಬತ್ ಮುರಿದವನನ್ನು ಸಭೆಯೆದುರು ಹೊಗಳಿದ್ದು ನನ್ನ ಅಪರಾಧ. ಹಾಲು ಬರುವುದು ನಿಂತಿದೆ. ಬಾವಿಗೆ ಹೋದರೆ ಉಳಿದವರು ಕೊಡಗಳನ್ನು ಎತ್ತಿಕೊಂಡು ದೂರ ಸರಿಯುತ್ತಾರೆ. ನಿಮ್ಮ ಕರ್ನಲ್ ಹೇಳಿದ್ದು ಸರಿಯೆಂದು ನೀವು ಅಂದುಕೊಳ್ಳಬಹುದು. ಹತ್ತು ಮನೆಯ ನೆಮ್ಮದಿ ಹೋಗಿದೆ, ನನ್ನದೇನೂ ಹೆಚ್ಚಿಲ್ಲ. ಆದರೂ ಟೋರ್ಕಿಲ್ ಏನು ಮಾಡಿದನೆಂದು ಇಲ್ಲಿ ಈಗ ಎಲ್ಲರಿಗೂ ಗೊತ್ತು. ಅದಕ್ಕಾಗಿಯೇ ನನ್ನನ್ನು ಕಂಡರಾಗದು. ಸುಳ್ಳಿಗಾಗಿ ಕಂಡರಾಗದಿದ್ದ ದಿನಗಳಿಗಿಂತ ಇದು ಮೇಲು, ಬಹಳ ಮೇಲೇನಲ್ಲ.

ಪುಸ್ತಕವನ್ನು ಬಟಾಲಿಯನ್ನಿನವರು ಎಲ್ಲ ಮನೆಗಳಿಗೂ ಒಂದೊಂದು ಕೊಟ್ಟರು. ನನ್ನದನ್ನು ಇದರ ಜೊತೆ ಕಟ್ಟಿ ಕಳಿಸಿದ್ದೇನೆ, ಇಟ್ಟುಕೊಳ್ಳಿ.

ಕರ್ಸ್ಟಿ ನನಗೆ ಸಾಮಾನು ಕೊಡುವುದಿಲ್ಲ. ಈ ದ್ವೀಪದಲ್ಲಿ ಬೇರೆ ಅಂಗಡಿಯಿಲ್ಲ. ಮುಂದಿನ ದೋಣಿಯಲ್ಲಿ ಒಂದು ಮೂಟೆ ಓಟ್ಸ್ ಹಿಟ್ಟು, ಸ್ವಲ್ಪ ಚಹಾಪುಡಿ, ಉಪ್ಪು ಕಳಿಸಿಕೊಡಿ. ಫಿನ್ಲೆಗೂ ಸೇರಿಸಿ ಕಳಿಸಿ. ಅವನಿಗೂ ಕೊಡುವುದಿಲ್ಲ.

ರೇಚಲ್ ಮಕಾಸ್ಕಿಲ್